ಕಿಟಕಿ ಗಾಜು ತೊಳೆಯುವ ಉದ್ಯಮಕ್ಕೆ ಶುದ್ಧ ನೀರಿನ ವ್ಯವಸ್ಥೆ: ಬೆಂಗಳೂರಿನ ನೀರಿಗೆ ತಕ್ಕ ಜೋಡಣೆ

ಬೋರ್‌ವೆಲ್ ನೀರಿನಿಂದ ತೊಳೆದ ಕಿಟಕಿ ಗಾಜು ಬಿಸಿಲಿಗೆ ಒಣಗಿದೊಡನೆ ಅದರ ಮೇಲೆ ಬಿಳಿಯ ಚುಕ್ಕೆಗಳೂ ಗೆರೆಗಳೂ ಮೂಡುತ್ತವೆ. ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಲವಣಗಳೂ ಸಿಲಿಕಾವೂ ಗಾಜಿಗೆ ಅಂಟಿಕೊಂಡು ಉಳಿಯುತ್ತವೆ. ಸಾಬೂನು ನೀರು, ವೈಪರ್ ಮತ್ತು ಬಟ್ಟೆಯನ್ನು ನೆಚ್ಚಿದ ರೂಢಿಯ ಕ್ರಮದಲ್ಲಿ ಕೊನೆಯ ಹನಿಯನ್ನೂ ಕೈಯಿಂದ ಒರೆಸಬೇಕಾಗುವುದು ಇದೇ ಕಾರಣಕ್ಕೆ, ಏಣಿ ಹತ್ತಬೇಕಾಗುವುದೂ ಬಹುಮಟ್ಟಿಗೆ ಒರೆಸುವುದಕ್ಕಾಗಿಯೇ. ಲವಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತೆಗೆದ ನೀರನ್ನು ಉದ್ದನೆಯ ಕೋಲಿನ ತುದಿಯಲ್ಲಿರುವ ಬ್ರಷ್‌ಗೆ ಹಾಯಿಸಿ, ಗಾಜನ್ನು ಉಜ್ಜಿ, ಅದೇ ನೀರಿನಿಂದ ಜಾಲಿಸಿ ಹಾಗೆಯೇ ಬಿಟ್ಟರೆ ಗಾಜು ಗುರುತಿಲ್ಲದೆ ಒಣಗುತ್ತದೆ. ಒರೆಸುವ ಕೆಲಸವೇ ಇಲ್ಲದಿರುವುದರಿಂದ ಮೂರು ನಾಲ್ಕು ಮಹಡಿಗಳವರೆಗಿನ ಕಟ್ಟಡವನ್ನು ನೆಲದ ಮೇಲೆ ನಿಂತೇ ತೊಳೆಯಬಹುದು.

ಹೀಗೆ ಗುರುತು ಬೀಳದಂತೆ ಒಣಗಬೇಕಾದರೆ ನೀರಿನಲ್ಲಿ ಕರಗಿರುವ ಘನಪದಾರ್ಥದ ಮೊತ್ತ, ಅಂದರೆ ಟಿಡಿಎಸ್, ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬುದು ಈ ಕಸುಬಿನಲ್ಲಿ ಒಪ್ಪಿತವಾದ ಮಿತಿ. ಕಪ್ಪು ಛಾಯೆಯ ಗಾಜು, ಕನ್ನಡಿಯಂತೆ ಹೊಳೆಯುವ ಗಾಜು ಇರುವ ಕಚೇರಿ ಕಟ್ಟಡಗಳಲ್ಲಿ 5ರ ಒಳಗೆ ಇಟ್ಟುಕೊಳ್ಳುವುದು ಮೇಲು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಸೂಚಿಸುವ ಮಿತಿ 500, ಬೇರೆ ಮೂಲವೇ ಇಲ್ಲದಿದ್ದರೆ 2000. ಆದ್ದರಿಂದ ಕುಡಿಯಲು ಚೆನ್ನಾಗಿರುವ ನೀರು ಗಾಜಿಗೂ ಚೆನ್ನಾಗಿರುತ್ತದೆ ಎಂದು ಭಾವಿಸುವುದಕ್ಕೆ ಆಧಾರವಿಲ್ಲ. ಮನೆಯ ಆರ್‌ಒ ಯಂತ್ರದಿಂದ ಬರುವ ನೀರು ಸಹ ಈ ಮಿತಿಯನ್ನು ಸಾಮಾನ್ಯವಾಗಿ ದಾಟಿರುತ್ತದೆ, ಏಕೆಂದರೆ ಅವುಗಳಲ್ಲಿ ಅನೇಕವು ರುಚಿಗಾಗಿ ಒಂದಿಷ್ಟು ಲವಣವನ್ನು ಬೇಕೆಂದೇ ಉಳಿಸುತ್ತವೆ ಅಥವಾ ಮರಳಿ ಸೇರಿಸುತ್ತವೆ.

ಮೊದಲು ಅಳತೆ, ಆಮೇಲೆ ಖರೀದಿ

ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ. ನಿಮ್ಮ ಗೋದಾಮಿನ ನಲ್ಲಿಯಲ್ಲಿ ಬರುವ ನೀರಿನಲ್ಲಿದೆ. ಬೆಂಗಳೂರಿನಲ್ಲಿ ಕಾವೇರಿ ನೀರಿನ ಟಿಡಿಎಸ್ ಸಾಮಾನ್ಯವಾಗಿ 300ರ ಒಳಗಿರುತ್ತದೆ. ಬೋರ್‌ವೆಲ್ ನೀರು 500ರಿಂದ 1500ರವರೆಗೂ, ಕೆಲವು ಕಡೆ ಅದಕ್ಕಿಂತ ಹೆಚ್ಚಿಗೂ ಹೋಗುತ್ತದೆ. ಟ್ಯಾಂಕರ್ ನೀರು ಬಹುತೇಕ ಬೋರ್‌ವೆಲ್ ನೀರೇ, ಅದೂ ಇಂದು ಒಂದು ಬಾವಿಯದು, ನಾಳೆ ಇನ್ನೊಂದರದು. ಇದಕ್ಕಿಂತ ತೊಡಕಿನ ಸಂಗತಿಯೆಂದರೆ ನಗರದ ಬಹಳಷ್ಟು ಕಟ್ಟಡಗಳಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಒಂದೇ ಸಂಪಿಗೆ ಬೀಳುತ್ತವೆ. ಸೋಮವಾರ ಅಳೆದಾಗ 250 ತೋರಿಸಿದ ನಲ್ಲಿ ಗುರುವಾರ 800 ತೋರಿಸಬಹುದು. ಆದ್ದರಿಂದ ಒಂದು ಟಿಡಿಎಸ್ ಮೀಟರ್ ಕೊಂಡು ಒಂದೆರಡು ವಾರಗಳ ಕಾಲ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಬರೆದಿಡುವುದೇ ಈ ವ್ಯವಸ್ಥೆಯ ಮೊದಲ ಹೆಜ್ಜೆ. ವಿನ್ಯಾಸಕ್ಕೆ ಸರಾಸರಿಯನ್ನು ಹಿಡಿಯದೆ ಕಂಡುಬಂದ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿಯಬೇಕು.

ಟಿಡಿಎಸ್ ಮೀಟರ್ ಲವಣವನ್ನು ನೇರವಾಗಿ ತೂಗುವುದಿಲ್ಲ. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಅದನ್ನು 0.5ರಿಂದ 0.7ರ ನಡುವಿನ ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಹಾಗಾಗಿ ಎರಡು ಮೀಟರ್‌ಗಳು ಒಂದೇ ಲೋಟದ ನೀರಿಗೆ ಬೇರೆ ಬೇರೆ ಅಂಕಿ ತೋರಿಸಿದರೆ ಗಾಬರಿಯಾಗಬೇಕಿಲ್ಲ, ಕೊನೆಯವರೆಗೂ ಒಂದೇ ಮೀಟರನ್ನು ಬಳಸಿದರೆ ಸಾಕು. ವಿದ್ಯುತ್ತನ್ನು ಹಾಯಿಸದ ಪದಾರ್ಥವನ್ನು ಈ ಮೀಟರ್ ಕಾಣುವುದೇ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು, ಸಿಲಿಕಾ ಅಂಥದ್ದು. ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಬರುವ ನಮ್ಮ ಅಂತರ್ಜಲದಲ್ಲಿ ಸಿಲಿಕಾ ಇದ್ದೇ ಇರುತ್ತದೆ, ಗಾಜಿನ ಮೇಲೆ ಅದು ಬಿಡುವ ಕಲೆ ಸುಲಭವಾಗಿ ಹೋಗುವುದೂ ಇಲ್ಲ.

ಟಿಡಿಎಸ್‌ನ ಜೊತೆಗೆ ಗಡಸುತನ, ಕಬ್ಬಿಣ ಮತ್ತು ಕ್ಲೋರಿನ್‌ಗಳನ್ನೂ ತಿಳಿಯಬೇಕು. ನೀರು ಪರೀಕ್ಷಿಸುವ ಯಾವುದೇ ಪ್ರಯೋಗಾಲಯದಲ್ಲಿ ಮೊದಲೆರಡನ್ನು ಮಾಡಿಸಬಹುದು. ಕಬ್ಬಿಣದ ಅಂದಾಜಿಗಾದರೆ ಬಿಳಿಯ ಬಕೆಟ್ಟಿನಲ್ಲಿ ಬೋರ್‌ವೆಲ್ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬೆಳಿಗ್ಗೆ ನೋಡಿದರೂ ಆದೀತು. ನೀರು ಹಳದಿಯಾಗಿದ್ದರೆ ಅಥವಾ ತಳದಲ್ಲಿ ಕಂದು ಮಡ್ಡಿ ಕೂತಿದ್ದರೆ ಕಬ್ಬಿಣವಿದೆ. ಕ್ಲೋರಿನ್ ಇದೆಯೇ ಎಂಬುದನ್ನು ಈಜುಕೊಳಗಳಲ್ಲಿ ಬಳಸುವ ಹನಿ ಔಷಧದ ಕಿಟ್ ಹಳದಿ ಬಣ್ಣದ ಮೂಲಕ ತೋರಿಸುತ್ತದೆ. ಜಲಮಂಡಳಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಯಾರಾದರೂ ಹಾಕಿದ್ದರೆ ಮಾತ್ರ ಇರುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ನಮ್ಮಲ್ಲಿ ಸಾಫ್ಟ್‌ನರ್ ಇದೆ, ಆ ನೀರಿನಿಂದಲೇ ಗಾಜು ತೊಳೆಯಿರಿ ಎಂದು ಅಪಾರ್ಟ್‌ಮೆಂಟ್ ಸಂಘದವರು ಹೇಳುವುದುಂಟು. ಸಾಫ್ಟ್‌ನರ್ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ತೆಗೆದು ಅವುಗಳ ಜಾಗದಲ್ಲಿ ಸೋಡಿಯಂ ಅನ್ನು ಬಿಡುತ್ತದೆಯಾದ್ದರಿಂದ ಗಡಸುತನ ಸೊನ್ನೆಯಾದರೂ ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆ ನೀರು ಒಣಗಿದಾಗ ಬಿಡುವ ಕಲೆ ಬಟ್ಟೆಯಿಂದ ಒರೆಸಿದರೆ ಬೇಗ ಹೋಗುವುದು ನಿಜ, ಆದರೆ ಕಲೆಯಂತೂ ಬಿದ್ದೇ ಬೀಳುತ್ತದೆ.

ರೆಸಿನ್ ಒಂದೇ ಸಾಕೇ, ಆರ್‌ಒ ಬೇಕೇ

ಲವಣವನ್ನು ತೆಗೆಯುವ ದಾರಿಗಳು ಎರಡು. ಆರ್‌ಒ ಮೆಂಬ್ರೇನ್ ಎಂಬ ಅತಿ ಸೂಕ್ಷ್ಮ ಪೊರೆ ಒತ್ತಡದ ಬಲದಿಂದ ನೀರನ್ನು ಹಾಯಿಸಿ, ನೂರರಲ್ಲಿ ತೊಂಬತ್ತೈದರಿಂದ ತೊಂಬತ್ತೆಂಟು ಪಾಲು ಲವಣವನ್ನು ಹಿಂದೆ ತಡೆದು, ಉಳಿದ ನೀರಿನೊಂದಿಗೆ ಹೊರಹಾಕುತ್ತದೆ. ಮಿಕ್ಸ್‌ಡ್ ಬೆಡ್ ರೆಸಿನ್, ಅಂದರೆ ಎರಡು ಬಗೆಯ ಪುಟ್ಟ ರಾಳದ ಮಣಿಗಳ ಮಿಶ್ರಣ, ಲವಣದ ಧನ ಅಯಾನುಗಳಿಗೆ ಬದಲಾಗಿ ಹೈಡ್ರೋಜನ್ ಅಯಾನನ್ನೂ ಋಣ ಅಯಾನುಗಳಿಗೆ ಬದಲಾಗಿ ಹೈಡ್ರಾಕ್ಸಿಲ್ ಅಯಾನನ್ನೂ ಕೊಟ್ಟು, ಅವೆರಡೂ ಸೇರಿ ನೀರಾಗುವಂತೆ ಮಾಡುತ್ತದೆ. ವಿದೇಶದ ಗಾಜು ಶುಚಿಗಾರರು ಎರಡನೆಯದನ್ನು ಡಿಐ (ಡಿಅಯಾನೈಸೇಶನ್) ಎನ್ನುತ್ತಾರೆ. ಪೀಣ್ಯದ ವಾಟರ್ ಟ್ರೀಟ್‌ಮೆಂಟ್ ಅಂಗಡಿಗಳಲ್ಲಿ ಕೇಳುವಾಗ ಡಿಎಂ (ಡಿಮಿನರಲೈಸೇಶನ್) ಪ್ಲಾಂಟಿನ ಮಿಕ್ಸ್‌ಡ್ ಬೆಡ್ ರೆಸಿನ್ ಎಂದರೆ ಬೇಗ ಅರ್ಥವಾಗುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಎಂ ವಾಟರ್ ತಯಾರಾಗುವುದೂ ಇದೇ ವಿಧಾನದಲ್ಲಿ. ಥರ್ಮ್ಯಾಕ್ಸ್, ಅಯಾನ್ ಎಕ್ಸ್‌ಚೇಂಜ್ ಮೊದಲಾದ ಭಾರತೀಯ ಕಂಪನಿಗಳ ರೆಸಿನ್‌ಗಳು ಸಿಗುವಾಗ ಗಾಜು ತೊಳೆಯುವುದಕ್ಕೆಂದೇ ಹಣೆಪಟ್ಟಿ ಹಚ್ಚಿದ ಆಮದು ಕಿಟ್‌ಗೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡರಲ್ಲಿ ಯಾವುದು ಎಂಬುದನ್ನು ಲೆಕ್ಕವೇ ಹೇಳುತ್ತದೆ. ಒಳ್ಳೆಯ ಹೊಸ ಮಿಕ್ಸ್‌ಡ್ ಬೆಡ್ ರೆಸಿನ್ ಲೀಟರಿಗೆ ಸುಮಾರು 25 ಗ್ರಾಂ ಲವಣವನ್ನು ಹಿಡಿಯಬಲ್ಲದು. ವ್ಯವಹಾರದ ಲೆಕ್ಕಕ್ಕೆ 20 ಗ್ರಾಂ ಎಂದು ಹಿಡಿಯುವುದು ಜಾಣತನ. 25 ಲೀಟರ್ ರೆಸಿನ್ ಇರುವ ಒಂದು ವೆಸೆಲ್ (ರೆಸಿನ್ ತುಂಬುವ ಸಿಲಿಂಡರ್) ಹಾಗಾದರೆ 500 ಗ್ರಾಂ, ಅಂದರೆ ಐದು ಲಕ್ಷ ಮಿಲಿಗ್ರಾಂ ಲವಣವನ್ನು ಹಿಡಿಯುತ್ತದೆ. ಈ ಐದು ಲಕ್ಷವನ್ನು ನಿಮ್ಮ ನೀರಿನ ಟಿಡಿಎಸ್‌ನಿಂದ ಭಾಗಿಸಿದರೆ ಎಷ್ಟು ಲೀಟರ್ ಶುದ್ಧ ನೀರು ಸಿಗುತ್ತದೆ ಎಂಬುದು ಗೊತ್ತಾಗುತ್ತದೆ. ಟಿಡಿಎಸ್ 900 ಇರುವ ಬೋರ್‌ವೆಲ್ ನೀರನ್ನು ನೇರವಾಗಿ ಹಾಯಿಸಿದರೆ ಸಿಗುವುದು 555 ಲೀಟರ್. 200 ಇರುವ ಕಾವೇರಿ ನೀರಾದರೆ 2,500 ಲೀಟರ್. ಅದೇ 900ರ ಬೋರ್‌ವೆಲ್ ನೀರನ್ನು ಮೊದಲು ಆರ್‌ಒ ಮೂಲಕ ಹಾಯಿಸಿ 27ಕ್ಕೆ ಇಳಿಸಿದ ಮೇಲೆ ರೆಸಿನ್‌ಗೆ ಕೊಟ್ಟರೆ 18,500 ಲೀಟರ್.

ಈಗ ದಿನದ ಅಗತ್ಯವನ್ನು ನೋಡೋಣ. ಒಂದು ಕೋಲು ನಿಮಿಷಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಬಳಸುತ್ತದೆ. ಆರು ಗಂಟೆಯ ಕೆಲಸದಲ್ಲಿ ಅರ್ಧ ಹೊತ್ತು ಜಾಗ ಬದಲಿಸುವುದಕ್ಕೆ, ಪೈಪು ಎಳೆಯುವುದಕ್ಕೆ ಹೋಗುತ್ತದೆಂದು ಬಿಟ್ಟರೂ 360 ಲೀಟರ್ ಬೇಕು. 400 ಎಂದು ಇಟ್ಟುಕೊಳ್ಳಬಹುದು. ಬೋರ್‌ವೆಲ್ ನೀರಿಗೆ ರೆಸಿನ್ ಒಂದನ್ನೇ ನೆಚ್ಚಿದರೆ ಒಂದು ವೆಸೆಲ್ ಒಂದೂವರೆ ದಿನವೂ ಬಾಳುವುದಿಲ್ಲ. ಕಾವೇರಿ ನೀರಿನಲ್ಲಿ ಆರು ದಿನ ಬಾಳುತ್ತದೆ, ಆರ್‌ಒ ಮುಂದಿದ್ದರೆ ಒಂದೂವರೆ ತಿಂಗಳು. ನಿಮ್ಮ ಊರಿನ ರೆಸಿನ್ ಬೆಲೆಯನ್ನು ಈ ಲೀಟರುಗಳಿಂದ ಭಾಗಿಸಿ ನೋಡಿದರೆ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೂಲ ನೀರಿನ ಟಿಡಿಎಸ್ 100 ದಾಟಿದ್ದು ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಕೆಲಸವಿದ್ದರೆ ಆರ್‌ಒ ಮತ್ತು ರೆಸಿನ್ ಎರಡೂ ಇರಬೇಕು. ತಿಂಗಳಿಗೆ ನಾಲ್ಕಾರು ಮನೆ ತೊಳೆದು ಉದ್ಯಮವನ್ನು ಪರೀಕ್ಷಿಸುತ್ತಿರುವವರು ಕಾವೇರಿ ನೀರಿದ್ದರೆ ರೆಸಿನ್ ಒಂದರಿಂದಲೇ ಆರಂಭಿಸಬಹುದು.

ಈ ಲೆಕ್ಕದಲ್ಲಿ ಸೇರದ ಒಂದು ಖರ್ಚು ಇದೆ. ಆರ್‌ಒ ಮೆಂಬ್ರೇನ್ ಲವಣವನ್ನು ತಡೆಯುತ್ತದೆಯೇ ಹೊರತು ಕರಗಿದ ಇಂಗಾಲದ ಡೈಆಕ್ಸೈಡನ್ನು ತಡೆಯುವುದಿಲ್ಲ. ಅದು ರೆಸಿನ್‌ಗೆ ತಲುಪಿ ಅಲ್ಲಿನ ಋಣ ಅಯಾನಿನ ಪಾಲನ್ನು ತಿನ್ನುತ್ತದೆ, ಆದರೆ ಮೀಟರಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಿಲ್ಲ. ಬೈಕಾರ್ಬನೇಟ್ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ರೆಸಿನ್ ಕಾಗದದ ಲೆಕ್ಕಕ್ಕಿಂತ ಬೇಗ ಮುಗಿದರೆ ಕಾರಣ ಬಹುಶಃ ಇದೇ; ಮಾರಾಟಗಾರ ಮೋಸ ಮಾಡಿದನೆಂದು ತೀರ್ಮಾನಿಸುವ ಮೊದಲು ಇದನ್ನು ಗಣನೆಗೆ ತೆಗೆದುಕೊಳ್ಳಬೇಕು.

ಆರ್‌ಒ ಘಟಕದ ಜೋಡಣೆ

ಮನೆಯ ಆರ್‌ಒ ಯಂತ್ರದ ಮೆಂಬ್ರೇನ್ ಗಂಟೆಗೆ ಹೆಚ್ಚೆಂದರೆ 15 ಲೀಟರ್ ಕೊಡುತ್ತದೆ. ರಾತ್ರಿಯಿಡೀ ಓಡಿಸಿದರೂ 180 ಲೀಟರ್ ದಾಟುವುದಿಲ್ಲ. ಒಂದು ಕೋಲಿನ ಉದ್ಯಮಕ್ಕೂ ಸರಿಹೊಂದುವುದು ಹೋಟೆಲುಗಳಿಗೂ ಶಾಲೆಗಳಿಗೂ ಮಾರುವ ಗಂಟೆಗೆ 250 ಲೀಟರಿನ ಘಟಕ. ಇದರಲ್ಲಿ 4040 ಎಂದು ಕರೆಯುವ, ನಾಲ್ಕು ಇಂಚು ವ್ಯಾಸದ ನಲವತ್ತು ಇಂಚು ಉದ್ದದ ಒಂದು ಮೆಂಬ್ರೇನ್ ಇರುತ್ತದೆ. ದಿನದ 400 ಲೀಟರ್ ನೀರು ಎರಡು ಗಂಟೆಯೊಳಗೆ ತಯಾರಾಗುವುದರಿಂದ ಕರೆಂಟು ಹೋಗಿ ಬಂದರೂ ಬೆಳಗಿನ ಕೆಲಸ ನಿಲ್ಲುವುದಿಲ್ಲ. ಕೊಳ್ಳುವಾಗ ಯುವಿ ದೀಪ, ಮಿನರಲ್ ಕಾರ್ಟ್ರಿಜ್, ಟಿಡಿಎಸ್ ಕಂಟ್ರೋಲರ್ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು ನಮಗೆ ನಿರುಪಯೋಗಿ, ಉಳಿದೆರಡು ತೆಗೆದ ಲವಣವನ್ನು ಮತ್ತೆ ಸೇರಿಸುತ್ತವೆ.

ನೀರು ಹರಿಯುವ ಕ್ರಮ ಹೀಗಿರಬೇಕು. ಕಚ್ಚಾ ನೀರಿನ ಟ್ಯಾಂಕಿನಿಂದ ಫೀಡ್ ಪಂಪು ನೀರನ್ನು ಎತ್ತಿ ಸ್ಯಾಂಡ್ ಫಿಲ್ಟರಿಗೆ, ಅಲ್ಲಿಂದ ಕಾರ್ಬನ್ ಫಿಲ್ಟರಿಗೆ ಕೊಡುತ್ತದೆ. ಕಾರ್ಬನ್ ಫಿಲ್ಟರಿನ ಮುಖ್ಯ ಕೆಲಸ ಕ್ಲೋರಿನ್ ತೆಗೆಯುವುದು, ಏಕೆಂದರೆ ಇಂದಿನ ಪಾಲಿಅಮೈಡ್ ಮೆಂಬ್ರೇನ್‌ಗಳನ್ನು ಕ್ಲೋರಿನ್ ನಿಧಾನವಾಗಿ, ಆದರೆ ಮರಳಿ ಸರಿಪಡಿಸಲಾಗದಂತೆ ಕೆಡಿಸುತ್ತದೆ. ಅಲ್ಲಿಂದ ಮುಂದೆ ಸಣ್ಣ ಕಣಗಳನ್ನು ಹಿಡಿಯುವ 5 ಮೈಕ್ರಾನಿನ ಸ್ಪನ್ ಕಾರ್ಟ್ರಿಜ್ ಇರುವ ಜಂಬೋ ಹೌಸಿಂಗ್ (ದೊಡ್ಡ ಫಿಲ್ಟರ್ ಕವಚ), ಬಳಿಕ ಹೈ ಪ್ರೆಶರ್ ಪಂಪು, ಕೊನೆಗೆ ಮೆಂಬ್ರೇನ್. ಈ ಹೈ ಪ್ರೆಶರ್ ಪಂಪಿಗೆ ನೀರು ಬರುವ ಕಡೆ, ಒತ್ತಡ ಇಳಿದಾಗ ಪಂಪನ್ನು ನಿಲ್ಲಿಸುವ ಲೋ ಪ್ರೆಶರ್ ಸ್ವಿಚ್ ಇರಲೇಬೇಕು. ಸಂಪಿನ ನೀರು ಮುಗಿದಾಗ ಪಂಪು ಒಣಗಿ ಓಡಿ ಸುಟ್ಟುಹೋಗುವುದನ್ನು ತಡೆಯುವುದು ಅದೊಂದೇ. ಶುದ್ಧ ನೀರಿನ ಹಾದಿಗೂ ಲವಣ ಹೊತ್ತು ಹೊರಹೋಗುವ ರಿಜೆಕ್ಟ್ ನೀರಿನ ಹಾದಿಗೂ ಹರಿವನ್ನು ತೋರಿಸುವ ಪ್ರತ್ಯೇಕ ರೋಟಾಮೀಟರ್‌ಗಳು, ಮೆಂಬ್ರೇನಿನ ಹಿಂದೆ ಮುಂದೆ ಪ್ರೆಶರ್ ಗೇಜ್‌ಗಳು ಇದ್ದರೆ ಮುಂದಿನ ವರ್ಷಗಳಲ್ಲಿ ದೋಷವನ್ನು ಹುಡುಕುವುದು ಸುಲಭ.

ಗಡಸು ನೀರಿನಲ್ಲಿ ಮೆಂಬ್ರೇನನ್ನು ಉಳಿಸಿಕೊಳ್ಳುವುದೇ ನಿಜವಾದ ಸವಾಲು. ನೂರು ಲೀಟರ್ ನೀರು ಒಳಹೋಗಿ ಐವತ್ತು ಶುದ್ಧವಾಗಿ ಹೊರಬಂದರೆ, ಅದರ ಲವಣವೆಲ್ಲ ಉಳಿದ ಐವತ್ತರಲ್ಲಿ ಸೇರಿ ಅದರ ಸಾಂದ್ರತೆ ಎರಡು ಪಟ್ಟಾಗುತ್ತದೆ. 75 ಲೀಟರ್ ಎಳೆದರೆ ನಾಲ್ಕು ಪಟ್ಟು. ಕ್ಯಾಲ್ಸಿಯಂ ಕಾರ್ಬನೇಟ್ ಆಗ ಮೆಂಬ್ರೇನಿನ ಮೇಲೆಯೇ ಹರಳುಗಟ್ಟುತ್ತದೆ. ನೀರು ಉಳಿಸುವ ಹುಮ್ಮಸ್ಸಿನಲ್ಲಿ ರಿಜೆಕ್ಟ್ ವಾಲ್ವನ್ನು ಬಿಗಿಮಾಡಿದವರು ಕೆಲವೇ ತಿಂಗಳಲ್ಲಿ ಹೊಸ ಮೆಂಬ್ರೇನ್ ಕೊಳ್ಳುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಅರ್ಧಕ್ಕರ್ಧ ಎಂಬ ಪ್ರಮಾಣವನ್ನು ಮೀರದಿರುವುದು, ಗಡಸುತನ ಹೆಚ್ಚಿದ್ದರೆ ಕಾರ್ಬನ್ ಫಿಲ್ಟರ್ ಆದ ಮೇಲೆ ಆಂಟಿಸ್ಕೇಲೆಂಟ್ (ಹರಳುಗಟ್ಟುವುದನ್ನು ತಡೆಯುವ ರಾಸಾಯನಿಕ) ಹನಿಸುವ ಡೋಸಿಂಗ್ ಪಂಪನ್ನೋ ಸಾಫ್ಟ್‌ನರನ್ನೋ ಇಡುವುದು ಒಳ್ಳೆಯದು. ಸಾಫ್ಟ್‌ನರಿಗೆ ಈ ವ್ಯವಸ್ಥೆಯಲ್ಲಿ ನಿಜವಾದ ಜಾಗವಿರುವುದು ಇಲ್ಲಿಯೇ: ಗಾಜಿನ ಮುಂದಲ್ಲ, ಮೆಂಬ್ರೇನಿನ ಮುಂದೆ. ಕಬ್ಬಿಣವಿದ್ದರೆ ಅದನ್ನು ತೆಗೆಯುವ ಫಿಲ್ಟರನ್ನೂ ಇದಕ್ಕಿಂತ ಮೊದಲೇ ಸೇರಿಸಬೇಕು.

ಹೊಸ ಮೆಂಬ್ರೇನನ್ನು ಕೆಡದಂತೆ ಇಡುವ ದ್ರಾವಣದಲ್ಲಿ ಅದ್ದಿರುತ್ತಾರಾದ್ದರಿಂದ ಮೊದಲ ಒಂದು ಗಂಟೆಯ ನೀರನ್ನು ಪೂರ್ತಿಯಾಗಿ ಚೆಲ್ಲಬೇಕು. ಪ್ರತಿದಿನ ಘಟಕವನ್ನು ಶುರು ಮಾಡಿದಾಗಲೂ ಮೊದಲ ಒಂದೆರಡು ನಿಮಿಷದ ನೀರಿನ ಟಿಡಿಎಸ್ ಹೆಚ್ಚಿರುತ್ತದೆ, ಏಕೆಂದರೆ ಯಂತ್ರ ನಿಂತಿದ್ದಾಗ ಒತ್ತಡವಿಲ್ಲದೆ ಲವಣ ಮೆಂಬ್ರೇನನ್ನು ನಿಧಾನವಾಗಿ ದಾಟಿ ಈಚೆಗೆ ಬಂದಿರುತ್ತದೆ. ಒಂದು ತ್ರಿಮುಖ ವಾಲ್ವನ್ನು ಹಾಕಿ ಆ ನೀರನ್ನು ಕಚ್ಚಾ ಟ್ಯಾಂಕಿಗೇ ಹಿಂದಿರುಗಿಸಿದರೆ ರೆಸಿನ್‌ನ ಮೇಲೆ ಅನವಶ್ಯಕ ಹೊರೆ ಬೀಳುವುದಿಲ್ಲ.

ರಿಜೆಕ್ಟ್ ನೀರನ್ನು ಚರಂಡಿಗೆ ಬಿಡುವುದು ಈ ನಗರದಲ್ಲಿ ಸಮರ್ಥಿಸಿಕೊಳ್ಳಲಾಗದ ಕೆಲಸ. 2024ರ ಮಾರ್ಚ್‌ನಲ್ಲಿ ಬರ ತಟ್ಟಿದಾಗ ಬೆಂಗಳೂರು ಜಲಮಂಡಳಿ ವಾಹನ ತೊಳೆಯುವುದು, ಕೈತೋಟ, ಕಟ್ಟಡ ನಿರ್ಮಾಣ ಮುಂತಾದವಕ್ಕೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತ್ತು. ಅಂಥ ಬೇಸಿಗೆ ಮತ್ತೆ ಬಂದರೆ ನೀರನ್ನೇ ಬಂಡವಾಳ ಮಾಡಿಕೊಂಡ ನಮ್ಮಂಥ ಉದ್ಯಮವನ್ನು ಜನ ಮೊದಲು ನೋಡುತ್ತಾರೆ. ಗೋದಾಮಿನ ನೆಲ ತೊಳೆಯುವುದಕ್ಕೆ, ಶೌಚಾಲಯದ ಫ್ಲಶ್‌ಗೆ, ಬ್ರಷ್ ಮತ್ತು ಬಟ್ಟೆಗಳ ಮೊದಲ ತೊಳೆತಕ್ಕೆ ರಿಜೆಕ್ಟ್ ನೀರನ್ನು ಬಳಸಲು ಪ್ರತ್ಯೇಕ ಟ್ಯಾಂಕೊಂದನ್ನು ಆರಂಭದಲ್ಲಿಯೇ ಇಡಬೇಕು. ಗಿಡಗಳಿಗೆ ಅದನ್ನೇ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರುತ್ತದೆ.

ಮಳೆನೀರು ಎಂಬ ಲಾಭ

ಬೆಂಗಳೂರಿನಲ್ಲಿ ಈ ಉದ್ಯಮ ಮಾಡುವವರಿಗೆ ಸಿಗುವ ಅತ್ಯುತ್ತಮ ಕಚ್ಚಾ ನೀರು ಮಳೆನೀರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮಳೆ ನೆಲ ಮುಟ್ಟುವವರೆಗೂ ಅದರಲ್ಲಿ ಲವಣ ತೀರಾ ಕಡಿಮೆ. ಶುಚಿಯಾದ ತಾರಸಿಯಿಂದ ಹಿಡಿದ ನೀರಿನ ಟಿಡಿಎಸ್ ಸಾಮಾನ್ಯವಾಗಿ 50ರ ಒಳಗೇ ನಿಲ್ಲುತ್ತದೆ. ಅದು 30 ಇದ್ದರೆ ಮೇಲಿನ ಲೆಕ್ಕದಂತೆ 25 ಲೀಟರ್ ರೆಸಿನ್ ಹದಿನಾರು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಕೊಡುತ್ತದೆ, ಅದೂ ಆರ್‌ಒ ಇಲ್ಲದೆ, ಒಂದು ಹನಿ ರಿಜೆಕ್ಟ್ ಇಲ್ಲದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ಎಂಬ ಲೆಕ್ಕದಲ್ಲಿ, ನೂರು ಚದರ ಮೀಟರ್ ತಾರಸಿಯಿಂದ 20 ಮಿಲಿಮೀಟರಿನ ಒಂದು ಮಳೆಗೆ, ಸೋರಿ ಇಂಗುವುದನ್ನು ಕಳೆದರೂ, 1,600 ಲೀಟರ್ ಸಿಗುತ್ತದೆ. ಅದು ನಾಲ್ಕು ದಿನದ ಕೆಲಸ. ಬೆಂಗಳೂರು ಜಲಮಂಡಳಿ ಕಾಯಿದೆಯ 2009ರ ತಿದ್ದುಪಡಿಯ ನಂತರ ಹೊಸ ಕಟ್ಟಡಗಳಿಗೆ 30x40 ನಿವೇಶನದಿಂದಲೇ ಮಳೆನೀರು ಸಂಗ್ರಹ ಕಡ್ಡಾಯವಾಗಿರುವುದರಿಂದ ಬಾಡಿಗೆಗೆ ಹಿಡಿದ ಜಾಗದಲ್ಲಿ ಪೈಪುಗಳು ಆಗಲೇ ಇರುವ ಸಂಭವವೂ ಇದೆ. ಹೆಚ್ಚಿನವು ಇಂಗುಗುಂಡಿಗೆ ಹೋಗುತ್ತಿರುತ್ತವೆ, ಅವುಗಳಲ್ಲಿ ಒಂದನ್ನು ಟ್ಯಾಂಕಿಗೆ ತಿರುಗಿಸಲು ಮಾಲೀಕರ ಒಪ್ಪಿಗೆ ಪಡೆದರಾಯಿತು.

ಎಚ್ಚರ ವಹಿಸಬೇಕಾದ್ದು ಎರಡು ಕಡೆ. ಮಳೆಯ ಮೊದಲ ಕೆಲವು ನಿಮಿಷದ ನೀರು ತಾರಸಿಯ ಧೂಳು, ಹಕ್ಕಿಗಳ ಹಿಕ್ಕೆ ಹೊತ್ತು ತರುವುದರಿಂದ ಅದನ್ನು ಹೊರಗೆ ಬಿಡುವ ವಾಲ್ವ್ ಬೇಕು. ಇನ್ನೊಂದು, ಮಳೆನೀರು ಸಿಮೆಂಟಿನಿಂದ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಹೊಸದಾಗಿ ಕಟ್ಟಿದ ಕಾಂಕ್ರೀಟ್ ಸಂಪಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಟಿಡಿಎಸ್ ಏರುವುದನ್ನು ಮೀಟರಿನಲ್ಲೇ ನೋಡಬಹುದು. ಆದ್ದರಿಂದ ಸಂಗ್ರಹ ಬೆಳಕು ಹೋಗದ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಲ್ಲಿರಲಿ. ಬೇಸಿಗೆಯ ತಿಂಗಳುಗಳಿಗೆ ಆರ್‌ಒ ಇಟ್ಟುಕೊಂಡು, ಮೇ ತಿಂಗಳ ಗುಡುಗು ಮಳೆಯಿಂದ ಅಕ್ಟೋಬರಿನವರೆಗೆ ಮಳೆನೀರನ್ನು ಸ್ಪನ್ ಫಿಲ್ಟರ್ ಮೂಲಕ ನೇರವಾಗಿ ರೆಸಿನ್‌ಗೆ ಕೊಡುವ ಎರಡು ಹಾದಿಯ ಜೋಡಣೆಯೇ ಇಲ್ಲಿನ ಹವೆಗೆ ಒಪ್ಪುವಂಥದ್ದು. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರನ್ನು ಮಾತ್ರ ಈ ಚಿಕ್ಕ ಘಟಕಕ್ಕೆ ಕೊಡಬಾರದು. ಅದರಲ್ಲಿ ಉಳಿದಿರುವ ಸಾವಯವ ಪದಾರ್ಥ ಮತ್ತು ಸಾಬೂನಿನ ಅಂಶ ಮೆಂಬ್ರೇನನ್ನು ಬೇಗನೆ ಮುಚ್ಚಿಹಾಕುತ್ತದೆ.

ಮಿಕ್ಸ್‌ಡ್ ಬೆಡ್ ವೆಸೆಲ್ ಮತ್ತು ಸಂಗ್ರಹ

ಎಂಟು ಇಂಚು ವ್ಯಾಸದ, 44 ಇಂಚು ಎತ್ತರದ ಎಫ್‌ಆರ್‌ಪಿ (ಫೈಬರ್ ಬಲದ ಪ್ಲಾಸ್ಟಿಕ್) ವೆಸೆಲ್‌ನಲ್ಲಿ 25 ಲೀಟರ್ ರೆಸಿನ್ ಆರಾಮವಾಗಿ ಹಿಡಿಯುತ್ತದೆ. ಇದರ ಮೇಲೆ ಕೂರಿಸಲು ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಬ್ಯಾಕ್‌ವಾಶ್ (ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ತೊಳೆಯುವ) ಸೌಲಭ್ಯವಿರುವ ಮಲ್ಟಿಪೋರ್ಟ್ ವಾಲ್ವ್. ಮಿಕ್ಸ್‌ಡ್ ಬೆಡ್‌ಗೆ ಇದು ಬೇಡ, ಕೇವಲ ಒಳಹರಿವು ಹೊರಹರಿವಿನ ಹೆಡ್ ಸಾಕು. ಯಾರಾದರೂ ತಿಳಿಯದೆ ಬ್ಯಾಕ್‌ವಾಶ್‌ಗೆ ತಿರುಗಿಸಿದರೆ ಋಣ ಅಯಾನನ್ನು ಹಿಡಿಯುವ ಹಗುರವಾದ ಆನಯಾನ್ ರೆಸಿನ್ ಮೇಲಕ್ಕೆ ತೇಲಿ, ಧನ ಅಯಾನನ್ನು ಹಿಡಿಯುವ ಭಾರವಾದ ಕ್ಯಾಟಯಾನ್ ರೆಸಿನ್ ಕೆಳಗೆ ಕೂತು, ಬೆರೆತಿದ್ದ ಎರಡೂ ಬೇರ್ಪಡುತ್ತವೆ, ನೀರಿನ ಗುಣಮಟ್ಟ ಅಲ್ಲಿಗೆ ಕೆಡುತ್ತದೆ. ನೀರು ಹರಿಯುವ ವೇಗ ಗಂಟೆಗೆ ರೆಸಿನ್ ಗಾತ್ರದ ಇಪ್ಪತ್ತರಿಂದ ನಲವತ್ತು ಪಟ್ಟು ಇದ್ದರೆ ಸರಿ; ಅಂದರೆ 25 ಲೀಟರಿಗೆ ಗಂಟೆಗೆ 500ರಿಂದ 1,000 ಲೀಟರ್.

ವೆಸೆಲನ್ನು ಎಲ್ಲಿಡಬೇಕು ಎಂಬುದರಲ್ಲಿ ಅಭಿಪ್ರಾಯಭೇದವಿದೆ. ಆರ್‌ಒ ಆದೊಡನೆ ರೆಸಿನ್ ಇಟ್ಟು ಸೊನ್ನೆಯ ನೀರನ್ನು ಟ್ಯಾಂಕಿನಲ್ಲಿ ತುಂಬಿಡುವವರು ಇದ್ದಾರೆ. ಆದರೆ ಅಷ್ಟು ಶುದ್ಧವಾದ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನೂ, ಮುಟ್ಟಿದ ಲೋಹವನ್ನೂ ಹೀರಿಕೊಂಡು ಕೆಲವೇ ದಿನಗಳಲ್ಲಿ ತನ್ನ ಶುದ್ಧತೆಯನ್ನು ಕಳೆದುಕೊಳ್ಳತೊಡಗುತ್ತದೆ. ಆರ್‌ಒ ನೀರನ್ನು ಟ್ಯಾಂಕಿನಲ್ಲಿಟ್ಟು, ಬೆಳಿಗ್ಗೆ ಗಾಡಿಯ ಟ್ಯಾಂಕಿಗೆ ತುಂಬುವ ಹಾದಿಯಲ್ಲಿ ರೆಸಿನ್ ವೆಸೆಲನ್ನು ಇಡುವುದನ್ನು ನಾನು ಮೇಲೆಂದು ಹೇಳುತ್ತೇನೆ, ಏಕೆಂದರೆ ಆಗ ಗಾಡಿಗೆ ಹೋಗುವ ನೀರು ಆ ಕ್ಷಣದಲ್ಲಿ ಶುದ್ಧವಾದದ್ದೇ ಆಗಿರುತ್ತದೆ, 400 ಲೀಟರ್ ತುಂಬಲು ಒಂದು ಗಂಟೆಯೂ ಬೇಕಾಗುವುದಿಲ್ಲ. ರೆಸಿನ್‌ನ ನಂತರ ಜಿಐ ಪೈಪು, ಹಿತ್ತಾಳೆಯ ನಲ್ಲಿ ಬಳಸದೆ ಯುಪಿವಿಸಿ ಅಥವಾ ಪ್ಲಾಸ್ಟಿಕ್ ಫಿಟ್ಟಿಂಗ್‌ಗಳನ್ನೇ ಬಳಸಬೇಕು.

ಗಾಡಿ ಮತ್ತು ಕೋಲು

400 ಲೀಟರ್ ನೀರು ಎಂದರೆ 400 ಕಿಲೋ ತೂಕ. ಟಾಟಾ ಏಸ್‌ನಂಥ, ಸುಮಾರು 750 ಕಿಲೋ ಹೊರುವ ಗಾಡಿಗೆ ಇದು ಹೊರೆಯಲ್ಲ, ಆದರೆ ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಬಲ ದೊಡ್ಡದು. ಒಳಗೆ ಅಡ್ಡತಡೆ ಇರುವ, ತಗ್ಗಾಗಿ ಅಗಲವಾಗಿರುವ ಟ್ಯಾಂಕನ್ನು ಚಾಸಿಗೆ ಬೋಲ್ಟ್ ಹಾಕಿದ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಬೇಕು. ಹಗ್ಗ ಕಟ್ಟಿದರೆ ಸಾಲದು. ಟ್ಯಾಂಕಿನಿಂದ ಕೋಲಿಗೆ ನೀರು ಕೊಡುವುದು 12 ವೋಲ್ಟಿನ ಡಯಾಫ್ರಾಮ್ ಪಂಪು. ಬ್ಯಾಟರಿ ಚಾಲಿತ ಔಷಧಿ ಸಿಂಪಡಿಸುವ ಯಂತ್ರಗಳಲ್ಲಿರುವ ಬಗೆಯದೇ, ನಿಮಿಷಕ್ಕೆ ಐದು ಲೀಟರಿನದಾದರೆ ಸಾಕು. ಆರು ಆಂಪಿಯರ್‌ನಂತೆ ಆರು ಗಂಟೆ ಓಡಿದರೆ 36 ಆಂಪಿಯರ್ ಅವರ್ ಖರ್ಚಾಗುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದಾದ್ದರಿಂದ 75ರಿಂದ 100 ಆಂಪಿಯರ್ ಅವರ್ ಬ್ಯಾಟರಿಯನ್ನು ಗಾಡಿಯ ಬ್ಯಾಟರಿಯಿಂದ ಬೇರೆಯಾಗಿಯೇ ಇಡಬೇಕು. ಹರಿವನ್ನು ಹೆಚ್ಚು ಕಡಿಮೆ ಮಾಡುವ ಕಂಟ್ರೋಲರ್ ಒಂದಿದ್ದರೆ ನೀರೂ ಬ್ಯಾಟರಿಯೂ ಉಳಿಯುತ್ತವೆ. ಆರು ಅಥವಾ ಎಂಟು ಮಿಲಿಮೀಟರ್ ಒಳವ್ಯಾಸದ ನೂರು ಮೀಟರ್ ಪೈಪು ಸುತ್ತಿದ ರೀಲು ಬಹುತೇಕ ಕಟ್ಟಡಗಳನ್ನು ಸುತ್ತಿ ಬರಲು ಸಾಕು.

ಕೋಲಿನ ಆಯ್ಕೆ ಕೈಗೆ ಬಿಟ್ಟದ್ದು: ಎರಡು ಮಹಡಿಯವರೆಗೆ ಗ್ಲಾಸ್ ಫೈಬರ್ ಸಾಕು, ಮೇಲಕ್ಕೆ ಹೋದಂತೆ ಹಗುರವೂ ಗಡುಸೂ ಆದ ಕಾರ್ಬನ್ ಫೈಬರ್ ಬೇಕೆನಿಸುತ್ತದೆ. ವಿದ್ಯುತ್ ತಂತಿಯ ವಿಷಯದಲ್ಲಿ ಮಾತ್ರ ಆಯ್ಕೆಯಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಒದ್ದೆಯಾದ ಗ್ಲಾಸ್ ಫೈಬರನ್ನೂ ನಂಬುವಂತಿಲ್ಲ. ಶುದ್ಧ ನೀರು ವಿದ್ಯುತ್ತನ್ನು ಹಾಯಿಸದು ಎಂಬ ಮಾತು ಗಾಜಿನ ಕೊಳೆ ಬೆರೆತ ನೀರಿಗೆ ಅನ್ವಯಿಸುವುದಿಲ್ಲ. 11 ಕೆವಿ ತಂತಿಗಳು ಬಾಲ್ಕನಿಯ ಪಕ್ಕದಲ್ಲೇ ಹಾದುಹೋಗುವ ಬೀದಿಗಳು ಈ ನಗರದಲ್ಲಿ ಸಾಕಷ್ಟಿವೆ. ಕೋಲು ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗದಷ್ಟು ದೂರವಿಲ್ಲದಿದ್ದರೆ ಆ ಬದಿಯ ಕೆಲಸವನ್ನು ಒಪ್ಪಿಕೊಳ್ಳಬಾರದು.

ಮೊದಲ ಸಲ ತೊಳೆಯುವ ಕಟ್ಟಡದಲ್ಲಿ ಫ್ರೇಮಿನ ಮೇಲಂಚಿನಿಂದ ಹಳೆಯ ಸಾಬೂನು, ಧೂಳು, ಬಣ್ಣದ ಪುಡಿ ಇಳಿದು ಬರುವುದರಿಂದ ಸೊನ್ನೆ ಟಿಡಿಎಸ್ ನೀರಿಗೂ ಗುರುತು ಬೀಳಬಹುದು. ಫ್ರೇಮನ್ನು ಮೊದಲು ಉಜ್ಜಿ ತೊಳೆದು, ಅದು ಸೋರಿ ನಿಂತ ಮೇಲೆ ಗಾಜಿಗೆ ಬರಬೇಕು. ಬ್ರಷ್‌ಗೆ ಯಾವ ಕಾರಣಕ್ಕೂ ಸಾಬೂನು ಹಾಕಬಾರದು. ವರ್ಷಗಟ್ಟಲೆ ಬೋರ್‌ವೆಲ್ ನೀರು ಸಿಡಿದು ಗಾಜಿನಲ್ಲಿ ಇಳಿದ ಬಿಳಿ ಕಲೆಯನ್ನು ಶುದ್ಧ ನೀರು ತೆಗೆಯುವುದಿಲ್ಲವೆಂದು ಗ್ರಾಹಕರಿಗೆ ದರ ಹೇಳುವಾಗಲೇ ತಿಳಿಸಿಬಿಡಬೇಕು.

ನಿರ್ವಹಣೆ

ಪ್ರತಿದಿನ ಐದು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು: ಕಚ್ಚಾ ನೀರಿನ ಟಿಡಿಎಸ್, ಆರ್‌ಒ ನೀರಿನ ಟಿಡಿಎಸ್, ರೆಸಿನ್ ನಂತರದ ಟಿಡಿಎಸ್, ಎರಡು ರೋಟಾಮೀಟರ್‌ಗಳ ಹರಿವು. ಆರ್‌ಒ ನೀರಿನ ಹರಿವು ಆರಂಭದ ಮಟ್ಟಕ್ಕಿಂತ ನೂರಕ್ಕೆ ಹತ್ತು ಹದಿನೈದರಷ್ಟು ಇಳಿದಾಗಲೇ ಮೆಂಬ್ರೇನನ್ನು ಸಿಟ್ರಿಕ್ ಆಮ್ಲದ ದ್ರಾವಣದಿಂದ ತೊಳೆಸಿದರೆ ಅದು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ; ಅರ್ಧಕ್ಕೆ ಇಳಿದ ಮೇಲೆ ತೊಳೆಸಿದರೆ ಹರಳು ಬಿಡುವುದು ಕಷ್ಟ. ಹರಿವು ಇದ್ದಷ್ಟೇ ಇದ್ದು ಟಿಡಿಎಸ್ ಮಾತ್ರ ಥಟ್ಟನೆ ಏರಿದರೆ ಮೆಂಬ್ರೇನ್ ಬದಲಿಸುವ ಮೊದಲು ಹೌಸಿಂಗಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ನೋಡಬೇಕು. ಎರಡೂ ನಿಧಾನವಾಗಿ ಏರುತ್ತ ಬಂದರೆ ಕ್ಲೋರಿನ್ ಒಳಹೋಗಿದೆ ಎಂದು ಶಂಕಿಸಿ ಕಾರ್ಬನ್ ಬದಲಿಸಿದ ದಿನಾಂಕವನ್ನು ತಿರುವಿ ನೋಡಬೇಕು. ಒಂದು ವಾರಕ್ಕಿಂತ ಹೆಚ್ಚು ಕಾಲ ಘಟಕವನ್ನು ನಿಲ್ಲಿಸುವುದಾದರೆ, ಉದಾಹರಣೆಗೆ ಮಳೆನೀರಿನ ಹಾದಿಯಲ್ಲಿ ಕೆಲಸ ನಡೆಯುತ್ತಿರುವ ತಿಂಗಳುಗಳಲ್ಲಿ, ಎರಡು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಬೇಕು. ಅಷ್ಟು ಆಗದಿದ್ದರೆ ನೂರಕ್ಕೆ ಒಂದರಷ್ಟು ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣವನ್ನು ಮೆಂಬ್ರೇನಿನೊಳಗೆ ತುಂಬಿ ಮುಚ್ಚಿಡಬೇಕು. ಇಲ್ಲವಾದರೆ ಒಳಗೆ ಪಾಚಿಯಂಥ ಲೋಳೆ ಬೆಳೆಯುತ್ತದೆ.

ರೆಸಿನ್ ವೆಸೆಲ್‌ಗಳನ್ನು ಎರಡು ಇಟ್ಟುಕೊಂಡು ಒಂದರ ಹಿಂದೆ ಒಂದನ್ನು ಜೋಡಿಸುವುದು ಖರ್ಚಿನಂತೆ ಕಂಡರೂ ಉಳಿತಾಯವೇ. ಮುಗಿಯುತ್ತಿರುವ ರೆಸಿನ್ ಮೊದಲು ಬಿಟ್ಟುಕೊಡುವುದು ಸಿಲಿಕಾವನ್ನು, ಮೀಟರ್ ಅದನ್ನು ಕಾಣುವುದಿಲ್ಲ. ಹಾಗಾಗಿ ಒಂದೇ ವೆಸೆಲ್ ಇದ್ದಾಗ ಅಂಕಿ ಇನ್ನೂ 3 ಎನ್ನುತ್ತಿರುವಾಗಲೇ ಕಪ್ಪು ಗಾಜಿನ ಮೇಲೆ ಮಬ್ಬು ಕಾಣಿಸಿಕೊಳ್ಳಬಹುದು. ಎರಡಿದ್ದರೆ ಮೊದಲನೆಯದರಿಂದ ಸೋರಿದ್ದನ್ನು ಎರಡನೆಯದು ಹಿಡಿಯುತ್ತದೆ. ಎರಡರ ನಡುವೆ ಅಳೆದಾಗ ಮೀಟರ್ 10 ತೋರಿಸಿದರೆ ಮೊದಲನೆಯದನ್ನು ತೆಗೆದು, ಎರಡನೆಯದನ್ನು ಅದರ ಜಾಗಕ್ಕೆ ತಂದು, ಹೊಸದನ್ನು ಹಿಂದೆ ಹಾಕಬೇಕು. ಮುಗಿದ ರೆಸಿನ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾದಿಂದ ಮತ್ತೆ ಚುರುಕುಗೊಳಿಸಬಹುದಾದರೂ ಅದಕ್ಕೆ ಎರಡೂ ಬಗೆಯ ರೆಸಿನ್ ಅನ್ನು ಬೇರ್ಪಡಿಸಿ ಮತ್ತೆ ಬೆರೆಸಬೇಕಾಗುತ್ತದೆ, ತ್ಯಾಜ್ಯ ಆಮ್ಲವನ್ನು ನಿಭಾಯಿಸಬೇಕಾಗುತ್ತದೆ. ಗೋದಾಮಿನಲ್ಲಿ ಮಾಡುವ ಕೆಲಸವಲ್ಲ ಅದು, ಡಿಎಂ ಪ್ಲಾಂಟ್ ನಡೆಸುವವರಿಗೆ ಕೊಟ್ಟು ಮಾಡಿಸಬೇಕು. ಬಿಡಿ ರೆಸಿನ್ ಇಟ್ಟುಕೊಂಡಿದ್ದರೆ ಚೀಲದ ಬಾಯಿ ಬಿಗಿಯಾಗಿರಲಿ, ನೆರಳಿನಲ್ಲಿರಲಿ. ತೆರೆದಿಟ್ಟರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬಳಸುವ ಮೊದಲೇ ಅರ್ಧ ಮುಗಿದಿರುತ್ತದೆ, ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗಿನ ಶಾಖವನ್ನೂ ಆನಯಾನ್ ರೆಸಿನ್ ಸಹಿಸದು. ಹೊಸದನ್ನು ತುಂಬಿದ ಮೇಲೆ ಮೀಟರ್ ಸೊನ್ನೆಯ ಹತ್ತಿರ ಬಂದು ನಿಲ್ಲುವವರೆಗಿನ ನೀರನ್ನು ಕಚ್ಚಾ ಟ್ಯಾಂಕಿಗೆ ಹಿಂದಿರುಗಿಸಿ, ಆಮೇಲಷ್ಟೇ ಗಾಡಿಯ ಪೈಪನ್ನು ಜೋಡಿಸಬೇಕು.